ಅಂಗಡಿಯಲ್ಲಿ ಹೇಳುವ ಎಕ್ಸ್‌ಟೆಂಡೆಡ್ ವಾರಂಟಿ: ಕಡಲ ಬದಿಯ ಮನೆಗೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ?

ಸುರತ್ಕಲ್_ಮನೆ

ನಮಸ್ಕಾರ. ಮೂರು ಸಾಮಾನು ಒಟ್ಟಿಗೆ ತೆಗೊಳ್ಳುವುದುಂಟು: 1.5 ಟನ್ ಇನ್ವರ್ಟರ್ ಎಸಿ, 7 ಕೆಜಿ ಫ್ರಂಟ್ ಲೋಡ್ ವಾಷಿಂಗ್ ಮಷೀನ್, 55 ಇಂಚಿನ ಟಿವಿ. ಮನೆ ಸುರತ್ಕಲ್‌ನಲ್ಲಿ, ಕಡಲಿಗೆ ಅರ್ಧ ಕಿಲೋಮೀಟರ್ ಒಳಗೆ. ಮೂರಕ್ಕೂ ಸೇರಿಸಿ 2 ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಗೆ ಅಂಗಡಿಯಲ್ಲಿ 9,800 ರೂಪಾಯಿ ಹೇಳಿದ್ದಾರೆ. "ಎಲ್ಲ ಕವರ್ ಆಗ್ತದೆ" ಅಂತಾರೆ. ಷರತ್ತಿನ ಕಾಗದ ಕೇಳಿದ್ರೆ ಬಿಲ್ ಆದ ಮೇಲೆ ಇಮೇಲ್‌ಗೆ ಬರ್ತದಂತೆ. ಎಸಿಗೆ ಕಂಪನಿಯದ್ದೇ 10 ವರ್ಷ ಕಂಪ್ರೆಸರ್ ವಾರಂಟಿ ಇರುವಾಗ ಇದು ಬೇಕಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಕಂಕನಾಡಿ_ಸರ್ವಿಸ್

ಷರತ್ತು ಓದದೆ ದುಡ್ಡು ಕೊಡ್ಲೇಬೇಡಿ ಮಾರಾಯ್ರೆ. ಕ್ಲೇಮ್ ಬಂದಾಗ ಅವರು ನೋಡುವುದು ಕಾಗದವನ್ನು ಮಾತ್ರ, ಸೇಲ್ಸ್‌ನವರ ಮಾತನ್ನಲ್ಲ. ಪ್ಲಾನಿನ ಪೂರ್ತಿ ಹೆಸರು ಕೇಳಿಕೊಂಡು ಅದನ್ನು ನಡೆಸುವವರ ವೆಬ್‌ಸೈಟಿನಲ್ಲಿ ಹುಡುಕಿದ್ರೆ ಹೆಚ್ಚಾಗಿ ಸಿಗ್ತದೆ. ಸಿಗದಿದ್ರೆ ವಾಟ್ಸಾಪಿಗೆ ಪಿಡಿಎಫ್ ಕಳಿಸ್ಲಿಕ್ಕೆ ಹೇಳಿ. ಅದನ್ನೂ ಕೊಡದಿದ್ರೆ ಪ್ಲಾನ್ ಬಿಟ್ಟುಬಿಡಿ, ಸಾಮಾನು ಮಾತ್ರ ತೆಗೊಳ್ಳಿ.

10 ವರ್ಷ ಕಂಪ್ರೆಸರ್ ವಾರಂಟಿ ಅಂದ್ರೆ ಕಂಪ್ರೆಸರ್ ಎಂಬ ಒಂದು ಬಿಡಿಭಾಗ ಮಾತ್ರ ಪುಕ್ಕಟೆ. ಅದನ್ನು ಬದಲಿಸುವಾಗ ಗ್ಯಾಸ್ ಪೂರ್ತಿ ಹೊಸದಾಗಿ ತುಂಬಿಸಬೇಕು, ಬೆಸುಗೆ ಹಾಕ್ಬೇಕು, ಔಟ್‌ಡೋರ್ ಯೂನಿಟ್ ಗೋಡೆಯಿಂದ ಇಳಿಸಿ ಹತ್ತಿಸಬೇಕು. ಮೊದಲ ವರ್ಷ ಕಳೆದ ಮೇಲೆ ಗ್ಯಾಸು, ಕೂಲಿ, ಸಾಗಾಟ ಹೆಚ್ಚಿನ ಕಂಪನಿಗಳಲ್ಲಿ ಗಿರಾಕಿಯದ್ದೇ. ಮತ್ತೆ ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರ್ ಕೆಡುವುದು ಅಪರೂಪ. ಹೋಗುವುದು ಔಟ್‌ಡೋರ್ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್), ಇಲ್ಲದಿದ್ರೆ ಕಾಯಿಲ್ (ಗ್ಯಾಸ್ ಹರಿಯುವ ಪೈಪಿನ ಸುತ್ತು) ಲೀಕ್. ಕೆಲವು ಕಂಪನಿಯವರು ಪಿಸಿಬಿಗೂ 5 ವರ್ಷ ಕೊಡ್ತಾರೆ. ಹಾಗೆ ಕೊಡುವ ಮಾಡೆಲ್ ತೆಗೊಂಡ್ರೆ ಅಂಗಡಿಯ ಪ್ಲಾನಿನ ಅರ್ಧ ಕೆಲಸ ಅಲ್ಲೇ ಮುಗೀತದೆ.

ಈಗ ನಿಮ್ಮ ಜಾಗದ ವಿಷಯ. ಕಡಲಿಗೆ ಅರ್ಧ ಕಿಲೋಮೀಟರ್ ಅಂದ್ರೆ ಉಪ್ಪು ಗಾಳಿ ನೇರ ಕಾಯಿಲ್‌ಗೆ. ತಾಮ್ರದ ಪೈಪಿಗೆ ಅಲ್ಯುಮಿನಿಯಂನ ತೆಳು ಹಾಳೆ (ಫಿನ್) ತಾಗಿಕೊಂಡಿರ್ತದೆ. ನಡುವೆ ಉಪ್ಪುನೀರಿನ ಪಸೆ ಕೂತ್ರೆ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯುಮಿನಿಯಂ ತಿಂದುಹೋಗ್ತದೆ, ಫಿನ್ ಮುಟ್ಟಿದ್ರೆ ಪುಡಿ ಉದುರ್ತದೆ. ಇನ್‌ಡೋರ್ ಕಾಯಿಲ್‌ಗೆ ಬೇರೆ ರೋಗ. ಪ್ಲೈವುಡ್, ಬಣ್ಣ, ಕೆಲವು ಕ್ಲೀನರ್‌ಗಳಿಂದ ಬರುವ ಆಮ್ಲದ ಆವಿ ತೇವದ ಜೊತೆ ಸೇರಿ ತಾಮ್ರದಲ್ಲಿ ಇರುವೆ ಗೂಡಿನಂಥ ಸಣ್ಣ ಸುರಂಗ ಕೊರೀತದೆ, ಕಣ್ಣಿಗೆ ಕಾಣದ ತೂತಿನಿಂದ ಗ್ಯಾಸ್ ಸೋರ್ತದೆ. ಕಾಗದದಲ್ಲಿ "ತುಕ್ಕು, ಸವೆತ, ಉಪ್ಪು ಗಾಳಿಯ ಪರಿಣಾಮ ಸೇರಿಲ್ಲ" ಅಂತ ಒಂದು ಸಾಲು ಇದ್ರೆ ಈ ಎರಡೂ ರಿಪೇರಿ ನಿಮ್ಮ ತಲೆಗೇ ಬರ್ತದೆ. ಸುರತ್ಕಲ್, ಪಣಂಬೂರು, ಉಳ್ಳಾಲ, ಮಲ್ಪೆ, ಕಾಪು ಕಡೆಯವರು ಎಲ್ಲಕ್ಕಿಂತ ಮುಂಚೆ ಆ ಸಾಲನ್ನೇ ಹುಡುಕಬೇಕು.

ಲೆಕ್ಕದ_ಪುಸ್ತಕ

ಕಂಕನಾಡಿಯವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. "ವಾರಂಟಿ" ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕು ಮಾರಾಟ ಆಗ್ತದೆ. ಒಂದು, ತಯಾರಕ ಕಂಪನಿಯೇ ತನ್ನ ವಾರಂಟಿಯನ್ನು ಮುಂದುವರಿಸುವುದು. ಇದರಲ್ಲಿ ಅದೇ ಸರ್ವಿಸ್ ಸೆಂಟರ್, ಅದೇ ಬಿಡಿಭಾಗ, ಜಗಳ ಕಡಿಮೆ. ಎರಡನೆಯದ್ದು ಅಂಗಡಿಯ ಅಥವಾ ಮೂರನೇ ಕಂಪನಿಯ ಪ್ಲಾನ್. ಇಲ್ಲಿ ಕ್ಲೇಮ್ ಮಂಜೂರು ಮಾಡುವವರು ಬೇರೆ, ರಿಪೇರಿ ಮಾಡುವವರು ಬೇರೆ, ದುಡ್ಡು ಕಟ್ಟುವವರು ಇನ್ನೂ ಬೇರೆ. ಮೂರನೆಯದ್ದು ವಿಮೆ: ಬೀಳುವುದು, ಒಡೆಯುವುದು, ನೀರು ಹೋಗುವುದು ಇಂಥದ್ದಕ್ಕೆ. ಅದರ ಹಿಂದೆ ನೋಂದಾಯಿತ ವಿಮಾ ಕಂಪನಿ ಇರ್ಲೇಬೇಕು. ಕಾಗದದಲ್ಲಿ ಅದರ ಹೆಸರು ಮತ್ತು ಪಾಲಿಸಿ ಸಂಖ್ಯೆ ಇದೆಯಾ ನೋಡಿ.

ಆರಂಭದ ದಿನಾಂಕದಲ್ಲೂ ವ್ಯತ್ಯಾಸ ಉಂಟು. ಎಕ್ಸ್‌ಟೆಂಡೆಡ್ ವಾರಂಟಿ ಶುರುವಾಗುವುದು ಕಂಪನಿ ವಾರಂಟಿ ಮುಗಿದ ಮರುದಿನ. ಒಡೆದು ಹೋಗುವುದಕ್ಕೆ ಇರುವ ವಿಮೆ ಹೆಚ್ಚಾಗಿ ಖರೀದಿ ದಿನದಿಂದಲೇ ಶುರು. ಹಾಗಾಗಿ "3 ವರ್ಷದ ಪ್ಲಾನ್" ಅಂದ್ರೆ 1+2 ಆ (ಕಂಪನಿಯ 1 ವರ್ಷ ಸೇರಿಸಿ 3), 1+3 ಆ (ಅದನ್ನು ಬಿಟ್ಟು 3) ಅಂತ ಕೇಳಿ. ಇನ್ನೊಂದು ನಷ್ಟ ಇಲ್ಲೇ ಆಗ್ತದೆ: ಕಂಪನಿಯವರು ದೀಪಾವಳಿ ಆಫರಿನಲ್ಲಿ 1 ವರ್ಷ ಹೆಚ್ಚುವರಿ ವಾರಂಟಿ ಪುಕ್ಕಟೆ ಕೊಟ್ಟಿರ್ತಾರೆ, ಆದ್ರೆ ಗೊತ್ತುಮಾಡಿದ ದಿನದೊಳಗೆ ಆ್ಯಪ್‌ನಲ್ಲಿ ನೋಂದಣಿ ಮಾಡ್ಬೇಕು. ನೋಂದಣಿ ಮಾಡದೆ ಬಿಟ್ರೆ ಅದು ಹೋಯ್ತು. ಮಾಡಿದ್ರೆ, ಅಂಗಡಿಯ ಪ್ಲಾನ್ ಅದೇ ವರ್ಷದ ಮೇಲೆ ಬಿದ್ದು ಒಂದೇ ಅವಧಿಗೆ ಎರಡು ಸಲ ರಕ್ಷಣೆ, ಅಂದ್ರೆ ದುಡ್ಡು ನೀರಿಗೆ.

ಲೆಕ್ಕ ಹೀಗೆ ಹಾಕಿ. 30,000 ರೂಪಾಯಿಯ ಮಷೀನಿಗೆ 2 ವರ್ಷದ ಪ್ಲಾನ್ 3,000 ಅಂತ ಇಟ್ಟುಕೊಳ್ಳಿ. ಆ 2 ವರ್ಷದಲ್ಲಿ ಬರಬಹುದಾದ ದೊಡ್ಡ ರಿಪೇರಿ 6,000. ಪ್ಲಾನ್ ಲಾಭ ಆಗ್ಬೇಕಾದ್ರೆ ಆ ರಿಪೇರಿ ಬರುವ ಸಂಭವ ನೂರಕ್ಕೆ 50ಕ್ಕಿಂತ ಮೇಲಿರಬೇಕು. ರಿಪೇರಿ ಖರ್ಚು 20,000 ಆದ್ರೆ ನೂರಕ್ಕೆ 15 ಇದ್ರೂ ಸರಿ ಹೊಂದ್ತದೆ. ಅಂದ್ರೆ ಒಂದೇ ಬಿಡಿಭಾಗಕ್ಕೆ ಸಾಮಾನಿನ ಅರ್ಧಕ್ಕಿಂತ ಹೆಚ್ಚು ಬೆಲೆ ಇರುವಲ್ಲಿ ಪ್ಲಾನಿಗೆ ಅರ್ಥ ಉಂಟು. ಟಿವಿ ಪ್ಯಾನೆಲ್ ಹಾಗಿನದ್ದು. ಮಿಕ್ಸಿ, ಫ್ಯಾನ್, ಇಂಡಕ್ಷನ್ ಒಲೆಗೆಲ್ಲ ಬೇಡವೇ ಬೇಡ.

ಈ ಲೆಕ್ಕವನ್ನು ತಲೆಕೆಳಗು ಮಾಡುವ ಷರತ್ತು ಸವಕಳಿ ಕಡಿತ, ಅಂದ್ರೆ ಸಾಮಾನು ಹಳತಾದಷ್ಟು ಅದರ ಬೆಲೆ ಕಡಿಮೆ ಹಿಡಿಯುವುದು. 45,000ದ ಟಿವಿ ರಿಪೇರಿ ಆಗದಿದ್ರೆ "ಸವಕಳಿ ಕಳೆದು" ಕೊಡ್ತೇವೆ ಅಂತ ಇರ್ತದೆ. ಮೂರನೇ ವರ್ಷಕ್ಕೆ ಶೇ. 40 ಕಡಿತ ಅಂತ ಕಾಗದದಲ್ಲಿದ್ರೆ ಕೈಗೆ ಬರುವುದು 27,000, ಅದೂ ಎಷ್ಟೋ ಕಡೆ ಅದೇ ಅಂಗಡಿಯ ವೋಚರ್ ರೂಪದಲ್ಲಿ. ಹಳೇ ಟಿವಿ ಅವರಿಗೆ. ಪ್ಲಾನ್ ಅಲ್ಲಿಗೆ ಮುಕ್ತಾಯ.

ಸುರತ್ಕಲ್_ಮನೆ

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಸಾಮಾನು ತೆಗೊಳ್ಳುವುದು ಇಎಂಐಯಲ್ಲಿ. ಅದರಲ್ಲೇ ಪ್ಲಾನ್ ಸೇರಿಸಿದ್ರೆ ತೊಂದರೆ ಉಂಟಾ?

ಲೆಕ್ಕದ_ಪುಸ್ತಕ

ಉಂಟು. ಸಾಲದ ಮೊತ್ತಕ್ಕೆ ಸೇರಿಸಿದ್ರೆ ಪ್ಲಾನಿನ ಮೇಲೂ ಬಡ್ಡಿ ಅಥವಾ ಪ್ರೊಸೆಸಿಂಗ್ ಶುಲ್ಕ ಬೀಳಬಹುದು. ಮುಂದೆ ಪ್ಲಾನ್ ರದ್ದು ಮಾಡ್ಬೇಕಂದ್ರೆ ಅಂಗಡಿ ಫೈನಾನ್ಸಿನವರನ್ನು ತೋರಿಸ್ತದೆ, ಫೈನಾನ್ಸಿನವರು ಅಂಗಡಿಯನ್ನು ತೋರಿಸ್ತಾರೆ. ಪ್ಲಾನಿಗೆ ಬೇರೆಯೇ ಬಿಲ್ ಮಾಡ್ಸಿ, ಶೇ. 18 ಜಿಎಸ್‌ಟಿ ಪ್ರತ್ಯೇಕ ಕಾಣುವ ಹಾಗೆ. ಹೇಳಿದ ಬೆಲೆ ತೆರಿಗೆ ಸೇರಿಸಿಯೋ ಬಿಟ್ಟೋ ಅಂತಲೂ ಕೇಳಿ.

ಆನ್‌ಲೈನಿನಲ್ಲಿ ತೆಗೊಳ್ಳುವವರು ಹಣ ಕಟ್ಟುವ ಪುಟವನ್ನು ಒಮ್ಮೆ ಸರಿಯಾಗಿ ನೋಡಿ. ನೀವು ಆಯ್ಕೆ ಮಾಡದೆಯೇ ಪ್ಲಾನ್ ಬುಟ್ಟಿಗೆ ಬಿದ್ದಿದ್ರೆ ಅದು 2023ರ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ಮರುಳು ಮಾಡುವ ಪುಟ ವಿನ್ಯಾಸ) ಮಾರ್ಗಸೂಚಿಗೆ ವಿರುದ್ಧ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ವಾಪಸ್ ಕೇಳಬಹುದು.

ಬಂಟ್ವಾಳ_ವೈರಿಂಗ್

ಟಿವಿ ವಿಷಯಕ್ಕೆ ಬರ್ತೇನೆ. ನಮ್ಮಲ್ಲಿ ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಲ್ಲಿ ಗುಡುಗು ಸಿಡಿಲು ಜೋರು. ಟಿವಿ ಸುಡುವುದು ಹೆಚ್ಚಾಗಿ ಕರೆಂಟ್ ವೈರಿನಿಂದ ಮಾತ್ರ ಅಲ್ಲ, ಡಿಶ್ ಕೇಬಲಿನಿಂದ, ಇಂಟರ್ನೆಟ್ಟಿನ ತಾಮ್ರದ ವೈರಿನಿಂದ ಕೂಡ. ಪ್ಲಗ್ ತೆಗೆದು ಡಿಶ್ ಕೇಬಲ್ ತೆಗೆಯದೆ ಬಿಟ್ರೆ ಸೆಟ್‌ಟಾಪ್ ಬಾಕ್ಸಿನಿಂದ ಎಚ್‌ಡಿಎಂಐ ಪೋರ್ಟಿನ ಮೂಲಕ ಮದರ್‌ಬೋರ್ಡ್ ಹೋಗ್ತದೆ. ಸರ್ವಿಸಿನವರು ಬೋರ್ಡ್ ನೋಡಿ ಜಾಬ್‌ಶೀಟಿನಲ್ಲಿ (ಅವರು ಬರೆಯುವ ರಿಪೇರಿ ವರದಿಯಲ್ಲಿ) "ಹೊರಗಿನ ವಿದ್ಯುತ್ ಕಾರಣ" ಅಂತ ಬರೆದ್ರೆ ಕಂಪನಿ ವಾರಂಟಿಯೂ ಇಲ್ಲ, ಸಾಧಾರಣ ಎಕ್ಸ್‌ಟೆಂಡೆಡ್ ಪ್ಲಾನೂ ಇಲ್ಲ. ಸಿಡಿಲು ಮತ್ತು ವೋಲ್ಟೇಜ್ ಏರಿಳಿತ ಸೇರಿದೆ ಅಂತ ಕಾಗದದಲ್ಲಿ ಬರೆದಿರುವ ಪ್ಲಾನ್ ಆದ್ರೆ ಮಾತ್ರ ಇಲ್ಲಿಯವರಿಗೆ ಪ್ರಯೋಜನ.

ಸ್ಟೆಬಿಲೈಸರ್ ಇದೆ, ಎಂಸಿಬಿ ಇದೆ, ಸಿಡಿಲಿಗೆ ಸಾಕು ಅಂತ ತುಂಬ ಜನ ತಿಳಿದಿದ್ದಾರೆ. ಸಾಕಾಗುವುದಿಲ್ಲ. ಸ್ಟೆಬಿಲೈಸರ್ ನಿಧಾನಕ್ಕೆ ಏರುವ ಇಳಿಯುವ ವೋಲ್ಟೇಜನ್ನು ಸರಿ ಮಾಡ್ತದೆ. ಎಂಸಿಬಿ ಓವರ್‌ಲೋಡ್, ಶಾರ್ಟ್ ಸರ್ಕ್ಯೂಟಿಗೆ. ಸಿಡಿಲಿನ ಸರ್ಜ್ (ಒಮ್ಮೆಲೇ ನುಗ್ಗುವ ವೋಲ್ಟೇಜ್) ಬಂದು ಹೋಗುವುದು ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ, ರಿಲೇ ಕದಲುವ ಮೊದಲೇ. ಅದಕ್ಕೆ ಡಿಬಿಯಲ್ಲಿ (ಎಂಸಿಬಿ ಇರುವ ಮುಖ್ಯ ಪೆಟ್ಟಿಗೆಯಲ್ಲಿ) ಟೈಪ್ 2 ಎಸ್‌ಪಿಡಿ, ಅಂದ್ರೆ ಸರ್ಜನ್ನು ನೆಲಕ್ಕೆ ಇಳಿಸುವ ಸಾಧನ, ಹಾಕ್ಬೇಕು. ಎಸ್‌ಪಿಡಿಯಿಂದ ಅರ್ತ್ ಬಾರಿಗೆ ವೈರ್ ಆದಷ್ಟು ಗಿಡ್ಡ ಇರಲಿ, ಅರ್ಧ ಮೀಟರ್ ದಾಟದ ಹಾಗೆ.

ಅರ್ತಿಂಗ್ ಸರಿ ಇಲ್ಲದಿದ್ರೆ ಎಸ್‌ಪಿಡಿ ಹಾಕಿಯೂ ಹಾಕದ ಹಾಗೆ. ನಮ್ಮ ಮುರಕಲ್ಲಿನ ನೆಲದಲ್ಲಿ ಕರೆಂಟ್ ಸುಲಭಕ್ಕೆ ಇಳಿಯುವುದಿಲ್ಲ, ಬೇಸಗೆಯಲ್ಲಿ ಒಣಗಿದಾಗ ಇನ್ನೂ ಕಷ್ಟ. ಅರ್ತ್ ಪಿಟ್ (ಅರ್ತಿಂಗ್ ಗುಂಡಿ) ರೆಸಿಸ್ಟೆನ್ಸ್ 5 ಓಮ್ ಒಳಗೆ ತರ್ಲಿಕ್ಕೆ ಎಷ್ಟೋ ಮನೆಯಲ್ಲಿ ಎರಡನೇ ಪಿಟ್ ತೆಗೆದು ಎರಡನ್ನೂ ಜೋಡಿಸಬೇಕಾಗ್ತದೆ. ಅಳತೆ ಮಾರ್ಚ್-ಏಪ್ರಿಲ್‌ನಲ್ಲೇ ಮಾಡ್ಸಿ. ಮಳೆಗಾಲದಲ್ಲಿ ಎಲ್ಲ ಪಿಟ್ ಒಳ್ಳೆಯದೇ ತೋರಿಸ್ತದೆ. ಸರ್ವಿಸಿನವರು ಬಂದಾಗ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ನೋಡ್ತಾರೆ. 3 ವೋಲ್ಟ್ ದಾಟಿದ್ರೆ ಜಾಬ್‌ಶೀಟಿನಲ್ಲಿ ಬರೀತಾರೆ, ಕ್ಲೇಮ್ ತಿರಸ್ಕರಿಸ್ಲಿಕ್ಕೆ ಅದೇ ಆಧಾರ ಆಗಬಹುದು. ಇನ್‌ಸ್ಟಾಲೇಶನ್ ದಿನವೇ ಅಳೆದು ಶೀಟಿನಲ್ಲಿ ಬರೆಸಿಕೊಂಡ್ರೆ ಮುಂದೆ ನಿಮ್ಮ ಕೈಯಲ್ಲೊಂದು ದಾಖಲೆ ಇರ್ತದೆ.

ಕಂಕನಾಡಿ_ಸರ್ವಿಸ್

ಬಂಟ್ವಾಳದವರು ಹೇಳಿದ ಅರ್ತಿಂಗ್ ವಾಷಿಂಗ್ ಮಷೀನಿಗೂ ಬೇಕು. ಮಷೀನಿನ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ:

"ಮೋಟರಿಗೆ 10 ವರ್ಷ" ಅನ್ನುವುದು ಎಸಿ ಕಂಪ್ರೆಸರಿನ ಕತೆಯೇ. ಫ್ರಂಟ್ ಲೋಡಿನಲ್ಲಿ ನಾಲ್ಕೈದು ವರ್ಷಕ್ಕೆ ದೊಡ್ಡ ಖರ್ಚು ತರುವುದು ಡ್ರಮ್ ಹಿಂದಿನ ಮೂರು ಕಾಲಿನ ಸ್ಪೈಡರ್ ಮತ್ತು ಬೇರಿಂಗ್. ಸ್ಪೈಡರ್ ಅಲ್ಯುಮಿನಿಯಂದು, ಡ್ರಮ್ ಸ್ಟೀಲಿಂದು. ಡಿಟರ್ಜೆಂಟ್ ಪಸೆ ಯಾವಾಗಲೂ ಒದ್ದೆಯಾಗಿ ಕೂತ್ರೆ ಅಲ್ಯುಮಿನಿಯಂ ಕರಗಿ ಕಾಲು ಮುರೀತದೆ. ಸ್ಪಿನ್ ಹೊತ್ತಿಗೆ ಜೆಟ್ ವಿಮಾನದ ಶಬ್ದ ಬಂದ್ರೆ ಬೇರಿಂಗ್, ಡ್ರಮ್ಮನ್ನು ಕೈಯಲ್ಲಿ ಎತ್ತಿ ಬಿಟ್ಟಾಗ ಟಕ್ ಟಕ್ ಅಂತ ಅಲ್ಲಾಡಿದ್ರೆ ಸ್ಪೈಡರ್ ಅಥವಾ ಬೇರಿಂಗ್ ಅಂತ ಅಂದಾಜು ಮಾಡಬಹುದು. ಎಷ್ಟೋ ಮಾಡೆಲಿನಲ್ಲಿ ಡ್ರಮ್ಮಿನ ಹೊರಗಿನ ಟಬ್ ಬಿಚ್ಚಲಾಗದ ಹಾಗೆ ಅಂಟಿಸಿಯೇ ಬರುವುದರಿಂದ ಟಬ್ ಅಸೆಂಬ್ಲಿ ಪೂರ್ತಿ ಬದಲಿಸಬೇಕು. ಪ್ಲಾನಿನಲ್ಲಿ ಟಬ್ ಅಸೆಂಬ್ಲಿ ಸೇರಿದೆಯಾ ಕೇಳಿ. ಬಾಗಿಲಿನ ರಬ್ಬರ್, ಪೈಪು, ಫಿಲ್ಟರ್ ಯಾವ ಪ್ಲಾನಿನಲ್ಲೂ ಹೆಚ್ಚಾಗಿ ಇರುವುದಿಲ್ಲ, ಬೂಸ್ಟು ಹಿಡಿದದ್ದೂ ಅಷ್ಟೆ.

ಇಲಿ ವೈರ್ ಕಡಿದ್ರೆ, ಹಲ್ಲಿ ಅಥವಾ ಇರುವೆ ಪಿಸಿಬಿಯಲ್ಲಿ ಸತ್ತು ಶಾರ್ಟ್ ಆದ್ರೆ ಕ್ಲೇಮ್ ಇಲ್ಲ. ತೋಟದ ನಡುವಿನ ಮನೆಗಳಲ್ಲಿ ಇದು ದೊಡ್ಡ ಕಾರಣ. ಮಷೀನಿನ ಅಡಿ ತೆರೆದೇ ಇರುವ ಮಾಡೆಲ್ ಆದ್ರೆ ಇಲಿ ತಡೆಯುವ ಜಾಲರಿ ಕಂಪನಿಯಲ್ಲೇ ಸಿಗ್ತದೆ, ಮೊದಲ ದಿನವೇ ಹಾಕಿಸಿ.

ಎಸಿಗೆ ಇಷ್ಟು ಮಾಡಿ: ಔಟ್‌ಡೋರ್ ಯೂನಿಟ್ ಕಡಲ ಕಡೆಯ ಗೋಡೆಗೆ ಬೇಡ, ಪೂರ್ವದ ಗೋಡೆಗೆ ಹಾಕಿಸಿ. ಸ್ಟ್ಯಾಂಡ್ 304 ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ. ಬಣ್ಣ ಬಳಿದ ಕಬ್ಬಿಣದ್ದು ನಮ್ಮ ಗಾಳಿಗೆ ಬೇಗ ತುಕ್ಕು ಹಿಡಿದು ಯೂನಿಟ್ ಬೀಳುವ ಅಪಾಯ ಉಂಟು, ಬಿದ್ರೆ ಯಾವ ವಾರಂಟಿಯೂ ಇಲ್ಲ. ಮಳೆ ನಿಂತ ತಿಂಗಳುಗಳಲ್ಲಿ ತಿಂಗಳಿಗೊಮ್ಮೆ ಪವರ್ ಆಫ್ ಮಾಡಿ ಸಿಹಿನೀರನ್ನು ಕಡಿಮೆ ಒತ್ತಡದಲ್ಲಿ ಫಿನ್ ಮೇಲೆ ಬಿಡಿ. ಆ್ಯಸಿಡ್ ಕ್ಲೀನರ್ ಹಾಕ್ಲಿಕ್ಕೆ ಬಿಡಬೇಡಿ, ಫಿನ್ನಿನ ನೀಲಿ ಲೇಪ ಎದ್ದುಹೋಗ್ತದೆ. ಇನ್‌ಸ್ಟಾಲ್ ಮಾಡುವವರು ವ್ಯಾಕ್ಯೂಮ್ ಪಂಪ್ ತಂದಿದ್ದಾರಾ ನೋಡಿ. ಪೈಪಿನಲ್ಲಿ ತೇವ ಉಳಿದ್ರೆ ಮುಂದೆ ಕಂಪ್ರೆಸರಿಗೇ ಪೆಟ್ಟು. ಕಂಪನಿಯ ಅಧಿಕೃತ ಜನರಲ್ಲದೆ ಬೇರೆಯವರು ಹಾಕಿದ್ರೆ, ಪೈಪ್ ಜೋಡಿಸುವ ಫ್ಲೇರ್ ನಟ್ಟಿನಲ್ಲಿ ಗ್ಯಾಸ್ ಸೋರಿದಾಗ "ಇನ್‌ಸ್ಟಾಲೇಶನ್ ದೋಷ" ಅಂತ ಹೇಳಿ ಕೈತೊಳೀತಾರೆ.

ಮಣಿಪಾಲ_ಲ್ಯಾಪ್‌ಟಾಪ್

ಹಾಸ್ಟೆಲಿಗೆ ಹೋಗುವ ಮಕ್ಕಳ ಹೆತ್ತವರು ಇದನ್ನು ಓದ್ತಿದ್ರೆ ಎರಡು ಮಾತು. ಲ್ಯಾಪ್‌ಟಾಪಿಗೆ ಅಂಗಡಿಯ ಪ್ಲಾನಿಗಿಂತ ತಯಾರಕರದ್ದೇ ವಿಸ್ತರಣೆ ಒಳ್ಳೆಯದು, ಮತ್ತು ಅದನ್ನು ಖರೀದಿ ದಿನವೇ ತೆಗೊಳ್ಬೇಕಂತ ಇಲ್ಲ. ಮೂಲ ವಾರಂಟಿ ಮುಗಿಯುವ ಮುಂಚೆ ಎಷ್ಟೋ ಕಂಪನಿಗಳಲ್ಲಿ ಸೇರಿಸಬಹುದು, ಕೊನೆಯ ದಿನಾಂಕ ಮಾತ್ರ ಕಂಪನಿಯ ಪುಟದಲ್ಲಿ ನೋಡಿಕೊಳ್ಳಿ. ಪೆಟ್ಟಿಗೆ ತೆರೆದ ದಿನವೇ ಅಡಿಯಲ್ಲಿರುವ ಸೀರಿಯಲ್ ನಂಬರ್ ಹಾಕಿ ವಾರಂಟಿ ದಿನಾಂಕ ನೋಡಿ. ಗೋದಾಮಿನಿಂದ ಹೊರಟ ದಿನದಿಂದ ಎಣಿಸಿದ್ರೆ ಎರಡು ಮೂರು ತಿಂಗಳು ಆಗ್ಲೇ ಹೋಗಿರ್ತದೆ. ಬಿಲ್ ಅಪ್‌ಲೋಡ್ ಮಾಡಿದ್ರೆ ಸರಿ ಮಾಡ್ತಾರೆ.

ಆನ್‌ಸೈಟ್ ಅಂದ್ರೆ ಅವರು ಬರ್ತಾರೆ, ಕ್ಯಾರಿ-ಇನ್ ಅಂದ್ರೆ ನೀವು ಸೆಂಟರಿಗೆ ಹೊತ್ಕೊಂಡು ಹೋಗ್ಬೇಕು. 3 ವರ್ಷದ ವಾರಂಟಿ ಇದ್ರೂ ಬ್ಯಾಟರಿಗೆ ಸಾಮಾನ್ಯವಾಗಿ 1 ವರ್ಷ ಮಾತ್ರ. ಸ್ಕ್ರೀನ್ ಒಡೆಯುವುದು, ಕೀಬೋರ್ಡಿಗೆ ಚಹಾ ಚೆಲ್ಲುವುದು ವಾರಂಟಿಯಲ್ಲ. ಅದಕ್ಕೆ ಆ್ಯಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಬೇರೆ. ಹಾಸ್ಟೆಲ್ ಮಕ್ಕಳಿಗೆ ನನ್ನ ಅಭಿಪ್ರಾಯದಲ್ಲಿ ಅದೇ ಮುಖ್ಯ. ಪ್ರತಿ ಕ್ಲೇಮಿಗೆ ಕೈಯಿಂದ ಎಷ್ಟು ಕಟ್ಬೇಕು, ಎಷ್ಟು ಗಂಟೆಯೊಳಗೆ ತಿಳಿಸ್ಬೇಕು ಅಂತ ಮೊದಲೇ ನೋಡಿಡಿ. ತಡವಾಗಿ ತಿಳಿಸಿದ್ದಕ್ಕೇ ತಿರಸ್ಕಾರ ಆಗುವುದು ಜಾಸ್ತಿ.

ಗಲ್ಫಿನಿಂದ ತಂದ ಫೋನು, ಟಿವಿ: ವಾರಂಟಿ ಹೆಚ್ಚಾಗಿ ಆ ದೇಶಕ್ಕೆ ಮಾತ್ರ. ಅಲ್ಲಿ ಎಕ್ಸ್‌ಟೆಂಡೆಡ್ ಪ್ಲಾನ್ ತೆಗೊಂಡು ಊರಿಗೆ ತಂದ್ರೆ ಕಟ್ಟಿದ ದುಡ್ಡು ಅಲ್ಲೇ ಉಳೀತದೆ.

ಉಡುಪಿ_ಕಾನೂನು

ಕ್ಲೇಮ್ ತಿರಸ್ಕಾರವಾದರೆ ಮಾಡಬೇಕಾದ್ದನ್ನು ಬರೆಯುತ್ತೇನೆ. ಫೋನಿನಲ್ಲಿ ವಾದಿಸುತ್ತ ದಿನ ಕಳೆಯಬೇಡಿ. ದೂರನ್ನು ಆ್ಯಪ್ ಅಥವಾ ಇಮೇಲ್ ಮೂಲಕ ಕೊಟ್ಟು ದೂರು ಸಂಖ್ಯೆ ಪಡೆಯಿರಿ. ತಂತ್ರಜ್ಞರು ಬಂದಾಗ ಜಾಬ್‌ಶೀಟಿನ ಫೋಟೊ ತೆಗೆಯಿರಿ. ಅದರಲ್ಲಿ ಬರೆದ ಕಾರಣ ಒಪ್ಪಿಗೆಯಿಲ್ಲದಿದ್ದರೆ ಸಹಿಯ ಪಕ್ಕದಲ್ಲಿ "ಒಪ್ಪಿಗೆ ಇಲ್ಲ" ಎಂದು ಬರೆಯಿರಿ. ಯಾವ ಷರತ್ತಿನ ಪ್ರಕಾರ ತಿರಸ್ಕರಿಸಿದ್ದೀರಿ ಎಂದು ಲಿಖಿತವಾಗಿ ಕೇಳಿ. ಆನ್‌ಲೈನ್ ಖರೀದಿಯಾದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಕೊಡುವುದಿಲ್ಲ, ಕಂಪನಿಗೆ ದೂರನ್ನು ತಲುಪಿಸಿ ಉತ್ತರ ತರಿಸುತ್ತಾರೆ. ಸಣ್ಣಪುಟ್ಟ ವಿವಾದಕ್ಕೆ ಅಷ್ಟೇ ಸಾಕಾಗುವುದೂ ಉಂಟು. ಅದರ ಮುಂದಿನದ್ದು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿರಲಿ, ಗುರುಗ್ರಾಮದಲ್ಲಿರಲಿ, ಸುರತ್ಕಲ್‌ನವರು ಮಂಗಳೂರಿನಲ್ಲಿ, ಕುಂದಾಪುರದವರು ಉಡುಪಿಯಲ್ಲಿ ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ತಿರಸ್ಕಾರವಾಗಿ 2 ವರ್ಷದೊಳಗೆ ಹೋಗಬೇಕು.

ದೂರಿನಲ್ಲಿ ಅಂಗಡಿ, ತಯಾರಕರು, ಪ್ಲಾನ್ ನಡೆಸುವವರು, ಹಿಂದೆ ವಿಮೆ ಇದ್ದರೆ ವಿಮಾ ಕಂಪನಿ, ಎಲ್ಲರನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೆ ಉಳಿದವರು ಅವರ ಮೇಲೆಯೇ ಹೊಣೆ ಹಾಕುತ್ತಾರೆ. ನೋಟಿಸು ತಲುಪಿದ ಮೇಲೆ ಉತ್ತರ ಕೊಡಲು ಅವರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದನ್ನು ಮೀರಿ ಸಮಯ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ.

ಮಲ್ಪೆ, ಕಾಪು ಕಡೆ ಹೋಂಸ್ಟೇ ಅಥವಾ ಪಿಜಿ ನಡೆಸುವವರಿಗೆ ಒಂದು ಎಚ್ಚರಿಕೆ: ಮನೆಬಳಕೆಯ ವಾಷಿಂಗ್ ಮಷೀನ್, ಫ್ರಿಜ್ ಅಲ್ಲಿ ಇಟ್ಟರೆ "ವಾಣಿಜ್ಯ ಬಳಕೆ" ಎಂದು ವಾರಂಟಿ ನಿರಾಕರಿಸುತ್ತಾರೆ, ಹೆಚ್ಚಿನ ಕಾರ್ಡುಗಳಲ್ಲಿ ಆ ಷರತ್ತಿದೆ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ, ಆದರೆ ವಾರಂಟಿಯ ಷರತ್ತು ಬೇರೆಯೇ ವಿಷಯ. ಅಂಥವರು ವಾಣಿಜ್ಯ ಬಳಕೆಗೆ ಒಪ್ಪುವ ಮಾಡೆಲನ್ನೇ ಕೊಳ್ಳುವುದು ಕ್ಷೇಮ.

ಸುರತ್ಕಲ್_ಮನೆ

ತುಂಬ ಉಪಕಾರ ಆಯ್ತು. ಪಿಡಿಎಫ್ ತರಿಸಿ ಓದಿದೆ. ತುಕ್ಕು ಸೇರಿಲ್ಲ, ಸಿಡಿಲು ಸೇರಿಲ್ಲ, ಸವಕಳಿ ಕಡಿತ ಉಂಟು. ಅಂಗಡಿಯ ಪ್ಲಾನ್ ಮೂರಕ್ಕೂ ಬಿಡ್ತೇನೆ. ಪಿಸಿಬಿಗೆ 5 ವರ್ಷ ಇರುವ ಎಸಿ, ಟಿವಿಗೆ ಕಂಪನಿಯದ್ದೇ ವಿಸ್ತರಣೆ, ಉಳಿದ ದುಡ್ಡಲ್ಲಿ ಎಸ್‌ಪಿಡಿ ಅಂತ ಯೋಚನೆ. ಫ್ಲ್ಯಾಟಿನ ಗೃಹಪ್ರವೇಶಕ್ಕೆ ಇನ್ನೂ ಎರಡು ತಿಂಗಳು ಉಂಟು. ಈಗಲೇ ತಂದಿಟ್ರೆ ವಾರಂಟಿ ಯಾವಾಗಿಂದ ಲೆಕ್ಕ?

ಉಡುಪಿ_ಕಾನೂನು

ಇನ್‌ಸ್ಟಾಲ್ ಆದ ದಿನದಿಂದ ಎಣಿಸಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ಗೃಹೋಪಯೋಗಿ ವಸ್ತುಗಳ ಕಂಪನಿಗಳಿಗೆ ಸೂಚಿಸಿತ್ತು. ಆದರೂ ಕಾರ್ಡಿನಲ್ಲಿ "ಖರೀದಿ ದಿನಾಂಕದಿಂದ" ಎಂದಿದ್ದರೆ ಎರಡು ತಿಂಗಳು ಕಳೆದುಕೊಳ್ಳುತ್ತೀರಿ. ಮುಂಗಡ ಕೊಟ್ಟು ಬೆಲೆ ಗಟ್ಟಿ ಮಾಡಿಕೊಳ್ಳಿ. ಬಿಲ್ಲು ಮತ್ತು ಡೆಲಿವರಿ ಗೃಹಪ್ರವೇಶದ ವಾರದಲ್ಲಿ ಆಗಲಿ.

ಕಂಕನಾಡಿ_ಸರ್ವಿಸ್

ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ; ಎಸಿಗೆ ಇನ್‌ಡೋರ್, ಔಟ್‌ಡೋರ್ ಎರಡರದ್ದೂ ಬೇರೆ ಬೇರೆ ಇರ್ತದೆ. ಮಷೀನಿನ ಮೇಲಿನ ಸ್ಟಿಕ್ಕರಿಗೂ ಬಿಲ್ಲಿಗೂ ತಾಳೆ ನೋಡಿ. ಬಿಲ್ ಥರ್ಮಲ್ ಪೇಪರಿನದ್ದಾದ್ರೆ ನಮ್ಮ ಸೆಕೆಗೆ, ತೇವಕ್ಕೆ ವರ್ಷದೊಳಗೆ ಅಕ್ಷರ ಮಾಸಿಹೋಗ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ರೆ ಇನ್ನೂ ಬೇಗ. ಅದೇ ದಿನ ಫೋಟೊ ತೆಗೆದು ನಿಮ್ಮ ಇಮೇಲಿಗೇ ಕಳಿಸಿಟ್ಟುಕೊಳ್ಳಿ, ಒಂದು ಜೆರಾಕ್ಸ್ ಕೂಡ ಮಾಡ್ಸಿ.